ಆಂಡಿ ಪ್ಯಾಫ್ಕೋ ಕಾರ್ಡ್‌ಗೆ ಅಷ್ಟು ಬೆಲೆ ಯಾಕೆ? ಸಂಗ್ರಹಕಾರರ ಪೈಪೋಟಿಯ ಒಂದು ಪ್ರಕರಣ

1998ರಲ್ಲಿ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಕಾರ್ಡ್ 83,970 ಡಾಲರಿಗೆ ಮಾರಾಟವಾಯಿತು. ಕಾರ್ಡ್ ಮೇಲಿದ್ದವರು ಆಂಡಿ ಪ್ಯಾಫ್ಕೋ. ಬೇಸ್‌ಬಾಲ್ ತಪ್ಪದೆ ನೋಡುವವರಲ್ಲೂ ಎಷ್ಟೋ ಜನಕ್ಕೆ ಈ ಹೆಸರು ತಟ್ಟನೆ ನೆನಪಿಗೆ ಬರುವುದಿಲ್ಲ. ಒಳ್ಳೆಯ ಆಟಗಾರ, ಅದರಲ್ಲಿ ಅನುಮಾನವಿಲ್ಲ. 1943ರಿಂದ 1959ರವರೆಗೆ ಶಿಕಾಗೋ ಕಬ್ಸ್, ಬ್ರೂಕ್ಲಿನ್ ಡಾಡ್ಜರ್ಸ್, ಮಿಲ್ವಾಕೀ ಬ್ರೇವ್ಸ್ ತಂಡಗಳಿಗೆ ಆಡಿದರು. 213 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರಿನಂಥ ಹೊಡೆತ) ಹೊಡೆದರು. ಹಲವು ಸಲ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾದರು. ಬೇಸ್‌ಬಾಲಿನ ಶ್ರೇಷ್ಠರಿಗೆ ಮೀಸಲಾದ ಹಾಲ್ ಆಫ್ ಫೇಮ್ ಮಾತ್ರ ಸೇರಲಿಲ್ಲ.

ಇತಿಹಾಸದಲ್ಲಿ ಅವರಿಗೆ ಒಂದು ಸಣ್ಣ ಜಾಗ ಸಿಕ್ಕಿದ್ದು 1951ರ ಅಕ್ಟೋಬರ್ 3ರಂದು. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಬಾಬಿ ಥಾಮ್ಸನ್ ಹೊಡೆದ ಹೋಮ್ ರನ್ ಜೈಂಟ್ಸ್ ತಂಡಕ್ಕೆ ಲೀಗ್ ಪ್ರಶಸ್ತಿ ತಂದುಕೊಟ್ಟಿತು. ಆ ಚೆಂಡು ಮೇಲಿಂದ ಹಾರಿಹೋಗುವಾಗ ಎಡ ಮೈದಾನದ ಗೋಡೆ ಪಕ್ಕದಲ್ಲಿ ಏನೂ ಮಾಡಲಾಗದೆ ನಿಂತು ನೋಡಿದವರು ಡಾಡ್ಜರ್ಸ್‌ನ ಪ್ಯಾಫ್ಕೋ. ಅಷ್ಟಕ್ಕೆ ಯಾರೂ ಎಂಬತ್ತನಾಲ್ಕು ಸಾವಿರ ಡಾಲರ್ ಕೊಡುವುದಿಲ್ಲ. ಹಾಗಾದರೆ ಕೊಟ್ಟದ್ದು ಯಾವುದಕ್ಕೆ?

ಗ್ರೇಡೆಡ್ ಕಾರ್ಡ್, ಅಂದರೆ ಸ್ಥಿತಿ ನೋಡಿ ಅಂಕ ಕೊಟ್ಟ ಕಾರ್ಡ್, ಸಂಗ್ರಹಿಸುವವರ ಪೈಪೋಟಿ ಅರ್ಥವಾಗಬೇಕಾದರೆ ಈ ಕಾರ್ಡಿಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ. ದೊಡ್ಡ ಹೆಸರಿನ ಕಾರ್ಡುಗಳಲ್ಲಿ ಎಲ್ಲ ಕಲಸಿಹೋಗಿರುತ್ತದೆ. ಟಾಪ್ಸ್ ಕಂಪನಿಯ 1952ರ ಸೆಟ್ಟಿನಲ್ಲಿ ಬಂದ, ಬೇಸ್‌ಬಾಲ್ ದಿಗ್ಗಜ ಮಿಕ್ಕಿ ಮ್ಯಾಂಟಲ್ ಕಾರ್ಡ್ 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಅದನ್ನು ಕೊಂಡವರು ಮ್ಯಾಂಟಲ್ ಮೇಲಿನ ಅಭಿಮಾನಕ್ಕೆ ಕೊಂಡರೋ, ಬೆಲೆ ಏರುತ್ತದೆ ಎಂದು ಕೊಂಡರೋ, ಹೆಸರಿಗೋಸ್ಕರವೋ, ಬಿಡಿಸಿ ಹೇಳುವುದು ಕಷ್ಟ. ಪ್ಯಾಫ್ಕೋ ಕಾರ್ಡಿನಲ್ಲಿ ಅಭಿಮಾನದ ಪಾಲು ಕಡಿಮೆ, ಹೆಸರಿನ ಪಾಲೂ ಕಡಿಮೆ. ಉಳಿಯುವುದು ಸಂಗ್ರಹಕಾರನ ಹಟ. ಅದರ ಬೆಲೆ ಎಷ್ಟು ಅಂತ ಈ ಕಾರ್ಡ್ ತೋರಿಸುತ್ತದೆ.

ರಬ್ಬರ್ ಬ್ಯಾಂಡಿನ ಗಾಯ

1952ರ ಟಾಪ್ಸ್ ಸೆಟ್ಟಿನಲ್ಲಿ 407 ಕಾರ್ಡುಗಳಿವೆ. ಟಾಪ್ಸ್ ಕಂಪನಿಯಲ್ಲಿದ್ದ ಸೈ ಬರ್ಗರ್ ತಮ್ಮ ಬ್ರೂಕ್ಲಿನ್ ಮನೆಯ ಅಡುಗೆಮನೆ ಮೇಜಿನ ಮೇಲೆ ವುಡಿ ಗೆಲ್ಮನ್ ಜೊತೆ ಕೂತು ಇದರ ವಿನ್ಯಾಸ ಮಾಡಿದರು. ಮುಂದೆ ಬಣ್ಣದ ಚಿತ್ರ, ಹೆಸರು, ಸಹಿ, ತಂಡದ ಗುರುತು. ಹಿಂದೆ ಕಳೆದ ವರ್ಷದ ಮತ್ತು ಒಟ್ಟಾರೆ ಆಟದ ಅಂಕಿಅಂಶ. ಬಬಲ್ ಗಮ್ ಜೊತೆ ಪೊಟ್ಟಣದಲ್ಲಿ ಮಕ್ಕಳಿಗೆ ಮಾರಿದ ವಸ್ತು ಇದು. ಮುಂದೊಂದು ದಿನ ಗಾಜಿನ ಕಪಾಟಿನಲ್ಲಿ ಕೂರುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರ ಸುಮಾರಿಗೆ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವು ಎಂದು ಬರ್ಗರ್ ಅವರೇ ಹೇಳಿದ್ದಾರೆ.

ಈ ಸೆಟ್ಟಿನ ಒಂದನೇ ನಂಬರ್ ಪ್ಯಾಫ್ಕೋ. ಮಕ್ಕಳು ಕಾರ್ಡುಗಳನ್ನು ನಂಬರ್ ಪ್ರಕಾರ ಜೋಡಿಸುತ್ತಿದ್ದರು, ರಬ್ಬರ್ ಬ್ಯಾಂಡ್ ಹಾಕಿ ಜೇಬಿಗೋ ಶೂ ಡಬ್ಬಿಗೋ ಸೇರಿಸುತ್ತಿದ್ದರು. ಕಟ್ಟಿನ ಮೇಲೆ ಯಾವಾಗಲೂ ಒಂದನೇ ನಂಬರ್. ಬ್ಯಾಂಡ್ ಬಿಗಿದು ಎರಡೂ ಪಕ್ಕದ ಅಂಚಿನಲ್ಲಿ ಕಚ್ಚು ಬೀಳುತ್ತಿತ್ತು. ಮೂಲೆ ಮಡಚಿಕೊಳ್ಳುತ್ತಿತ್ತು. ಮೇಲ್ಮೈ ಉಜ್ಜಿ ಉಜ್ಜಿ ಬಣ್ಣ ಮಾಸುತ್ತಿತ್ತು. ಕೆಳಗಿದ್ದ ಕಾರ್ಡುಗಳನ್ನೆಲ್ಲ ಈ ಒಂದು ಕಾರ್ಡ್ ಕಾಪಾಡಿತು, ತಾನು ಮಾತ್ರ ಹಾಳಾಯಿತು. ಆದ್ದರಿಂದ ಪ್ಯಾಫ್ಕೋ ಕಾರ್ಡ್ ಸಿಗುತ್ತದೆ, ಚೆನ್ನಾಗಿರುವ ಪ್ಯಾಫ್ಕೋ ಕಾರ್ಡ್ ಸಿಗುವುದಿಲ್ಲ.

ಕೊನೆಯ ಕಾರ್ಡಿಗೂ ಇದೇ ಪಾಡು. 407ನೇ ನಂಬರ್ ಎಡ್ಡಿ ಮ್ಯಾಥ್ಯೂಸ್. ಆದರೆ ಅವರು ಹಾಲ್ ಆಫ್ ಫೇಮ್ ಆಟಗಾರ, ಅದು ಅವರ ರೂಕಿ ಕಾರ್ಡ್, ಅಂದರೆ ಆಟದ ಆರಂಭದ ದಿನಗಳ ಕಾರ್ಡ್. ಅಲ್ಲಿ ಹೆಸರಿನ ಬೆಲೆ ಮತ್ತೆ ಬೆರೆತುಬಿಡುತ್ತದೆ.

ಮಾತಿನ ಜಾಗಕ್ಕೆ ಅಂಕ ಬಂದಾಗ

ಮೊದಲು ಕಾರ್ಡಿನ ಸ್ಥಿತಿಯನ್ನು ಮಾತಿನಲ್ಲೇ ಹೇಳುತ್ತಿದ್ದರು. ಮಿಂಟ್, ನಿಯರ್ ಮಿಂಟ್, ಎಕ್ಸಲೆಂಟ್. ಮಾರುವವನ ಪ್ರಕಾರ ಮಿಂಟ್, ಕೊಳ್ಳುವವನ ಪ್ರಕಾರ ಎಕ್ಸಲೆಂಟ್. ಜಗಳಕ್ಕೆ ಕೊನೆ ಇರಲಿಲ್ಲ. 1991ರಲ್ಲಿ ಪಿಎಸ್‌ಎ ಎಂಬ ಗ್ರೇಡಿಂಗ್ ಕಂಪನಿ ಶುರುವಾಯಿತು. ಕಾರ್ಡ್ ಅಸಲಿಯೇ ಎಂದು ನೋಡಿ, 1ರಿಂದ 10ರ ಒಳಗೆ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸುವುದು ಇದರ ಕೆಲಸ. ಆ ಡಬ್ಬಿಗೆ ಸ್ಲ್ಯಾಬ್ ಅನ್ನುತ್ತಾರೆ. ಎಸ್‌ಜಿಸಿ, ಬೆಕೆಟ್ ಕಂಪನಿಗಳ ಗ್ರೇಡಿಂಗ್ ಆಮೇಲೆ ಬಂತು.

ನೋಡುವುದು ಮುಖ್ಯವಾಗಿ ನಾಲ್ಕು ವಿಷಯ: ಚಿತ್ರ ನಡುವಿಗೆ ಕೂತಿದೆಯೇ, ಮೂಲೆ ಚೂಪಾಗಿವೆಯೇ, ಅಂಚು ಸರಿಯಿದೆಯೇ, ಮೇಲ್ಮೈ ಶುದ್ಧವಾಗಿದೆಯೇ. 8 ಬಂದ ಕಾರ್ಡನ್ನೂ 9 ಬಂದ ಕಾರ್ಡನ್ನೂ ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಲೂಪ್ ಎಂಬ ಸಣ್ಣ ಭೂತಗನ್ನಡಿ ಹಿಡಿದು ನೋಡಿದರೆ ಒಂದು ಮೂಲೆಯ ತುದಿಯಲ್ಲಿ ಬಿಳಿ ನಾರು ಸ್ವಲ್ಪ ಎದ್ದಿರುತ್ತದೆ, ಅಷ್ಟೇ. ಬೆಲೆಯಲ್ಲಿ ಮಾತ್ರ ಎಷ್ಟೋ ಪಟ್ಟು ವ್ಯತ್ಯಾಸ.

ಅಂಕದ ಜೊತೆಗೆ ಇನ್ನೊಂದು ಬಂತು. ಯಾವ ಕಾರ್ಡಿಗೆ ಯಾವ ಅಂಕ ಎಷ್ಟು ಸಲ ಕೊಟ್ಟಿದ್ದೇವೆ ಎಂಬ ಲೆಕ್ಕವನ್ನು ಕಂಪನಿ ಪ್ರಕಟಿಸುತ್ತದೆ. ಇದು ಪಾಪ್ಯುಲೇಷನ್ ರಿಪೋರ್ಟ್, ಸಂಗ್ರಹಕಾರರ ಬಾಯಲ್ಲಿ ಬರೀ ಪಾಪ್. ತನ್ನ ಕಾರ್ಡಿಗಿಂತ ಮೇಲಿನದು ಜಗತ್ತಿನಲ್ಲಿ ಎಷ್ಟಿವೆ ಅನ್ನುವುದು ಸಂಗ್ರಹಕಾರನಿಗೆ ಕೂತಲ್ಲೇ ತಿಳಿಯುತ್ತದೆ. ಮೊದಲು ಅವನ ಹತ್ತಿರ ಒಂದು ಚಂದದ ಕಾರ್ಡ್ ಇತ್ತು. ಈಗ ಅವನ ಹತ್ತಿರ ಇರುವುದು 8, ಮೇಲೆ ಮೂರು ಇವೆ. ಕಾರ್ಡ್ ಅದೇ, ಅದನ್ನು ನೋಡುವ ಕಣ್ಣು ಬೇರೆಯಾಯಿತು.

ಪಟ್ಟಿ

1990ರ ದಶಕದ ಕೊನೆಗೆ ಪಿಎಸ್‌ಎ ಸೆಟ್ ರಿಜಿಸ್ಟ್ರಿ ಶುರು ಮಾಡಿತು. ಆಮೇಲೆ ಅದು ಆನ್‌ಲೈನ್‌ಗೆ ಬಂತು. ಒಂದೇ ಸೆಟ್ ಕಟ್ಟುವವರೆಲ್ಲ ತಮ್ಮ ತಮ್ಮ ಕಾರ್ಡುಗಳನ್ನು ದಾಖಲಿಸುತ್ತಾರೆ, ಅಂಕದ ಪ್ರಕಾರ ಅವರ ಸ್ಥಾನ ನಿಗದಿಯಾಗುತ್ತದೆ. ಮೊದಲ ಸ್ಥಾನ, ಎರಡನೇ ಸ್ಥಾನ, ಹೀಗೆ. ಪ್ರಶಸ್ತಿಗಳೂ ಉಂಟು.

ಪ್ಯಾಫ್ಕೋ ಬೆಲೆಯ ಗುಟ್ಟು ಈ ಲೆಕ್ಕದಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಎಲ್ಲ ಕಾರ್ಡಿಗೂ ಒಂದೇ ತೂಕ ಇರುವುದಿಲ್ಲ. ಸಿಗುವುದು ಕಷ್ಟವಿದ್ದಷ್ಟೂ, ಬೆಲೆ ಜಾಸ್ತಿ ಇದ್ದಷ್ಟೂ ತೂಕ ಜಾಸ್ತಿ, 1ರಿಂದ 10ರವರೆಗೆ. ಪ್ರತಿ ಕಾರ್ಡಿನ ಗ್ರೇಡನ್ನು ಅದರ ತೂಕದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಸರಾಸರಿ ಬರುತ್ತದೆ. ಇಲ್ಲದ ಕಾರ್ಡಿಗೆ ಸೊನ್ನೆ.

ಸುಮ್ನೆ ಲೆಕ್ಕಕ್ಕೆ, 407 ಕಾರ್ಡುಗಳ ತೂಕ ತಲಾ ಸರಾಸರಿ 2 ಎಂದಿಟ್ಟುಕೊಳ್ಳಿ. ಒಟ್ಟು 814. ತೂಕ 1 ಇರುವ ಸಾಮಾನ್ಯ ಕಾರ್ಡೊಂದನ್ನು 8ರಿಂದ 9ಕ್ಕೆ ಏರಿಸಿದರೆ ಸರಾಸರಿ ಏರುವುದು 0.0012. ಅಂದರೆ ದಶಮಾಂಶದ ಮೂರನೇ ಮನೆ. ತೂಕ 10 ಇರುವ ಕಾರ್ಡನ್ನು ಒಂದು ಮೆಟ್ಟಿಲು ಏರಿಸಿದರೆ 0.012. ತುದಿಯಲ್ಲಿ ಇಬ್ಬರ ನಡುವೆ ಇರುವ ಅಂತರ ಎಷ್ಟೋ ಸಲ ಇಷ್ಟೇ. ಸಾಮಾನ್ಯ ಕಾರ್ಡುಗಳನ್ನು ಒಂದೊಂದಾಗಿ ಏರಿಸುತ್ತ ಹೋದರೆ ವರ್ಷಗಟ್ಟಲೆ ಬೇಕು. ತೂಕದ ಕಾರ್ಡ್ ಒಂದು ಸಿಕ್ಕರೆ ಒಂದೇ ದಿನದಲ್ಲಿ ಸ್ಥಾನ ಬದಲಾಗುತ್ತದೆ.

ಈಗ ಇದನ್ನು ಎದುರಾಳಿಯ ಕಡೆಯಿಂದ ನೋಡಿ. ಒಂದನೇ ಸ್ಥಾನದವನಿಗೂ ಎರಡನೇ ಸ್ಥಾನದವನಿಗೂ ಬೇಕಾಗಿರುವುದು ಅದೇ ಒಂದು ಪ್ರತಿ. ಮೇಲಿನ ಗ್ರೇಡಿನ ಪ್ಯಾಫ್ಕೋ ಮಾರಾಟಕ್ಕೆ ಬರುವುದೇ ಅಪರೂಪ. ನಾನು ಕೊಳ್ಳದಿದ್ದರೆ ಅದು ಎಲ್ಲೋ ಕಾಣದ ಕಡೆ ಹೋಗುವುದಿಲ್ಲ, ಸೀದಾ ಅವನ ಸೆಟ್ಟಿಗೆ ಹೋಗುತ್ತದೆ. ನನಗೆ ಸಿಕ್ಕರೆ ನಾನು ಮೇಲೇರುವುದು ಮಾತ್ರವಲ್ಲ, ಅವನು ಏರುವುದೂ ತಪ್ಪುತ್ತದೆ. ಹೀಗೆ ಒಂದೇ ಕಾರ್ಡಿಗೆ ಎರಡು ಸಲ ಬೆಲೆ ಕಟ್ಟಬೇಕಾಗುತ್ತದೆ. ಹರಾಜಿನಲ್ಲಿ ಬೆಲೆ ಏರಲು ನೂರು ಜನ ಬೇಕಿಲ್ಲ, ಬಿಟ್ಟುಕೊಡದ ಇಬ್ಬರು ಸಾಕು. 1998ರ ಆ ಮಾರಾಟದ ಹೊತ್ತಿಗೆ ಈ ಪಟ್ಟಿಯಾಟ ಇನ್ನೂ ಎಳೆಯದು. ಆದರೆ ಗ್ರೇಡು, ಪಾಪ್ ರಿಪೋರ್ಟು ಆಗಲೇ ಇದ್ದವು. 10 ಬಂದಿದ್ದ ಆ ಪ್ರತಿಗಿಂತ ಮೇಲಿನದು ಇರಲು ಸಾಧ್ಯವೇ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಬೇರೆ ಕಾರಣ ಇರಬಹುದಲ್ವಾ?

ಹಣ ಹೂಡಿಕೆ ಎಂದು ಕೆಲವರು ಹೇಳುತ್ತಾರೆ. ಬರೀ ಹೂಡಿಕೆ ಬೇಕಾದವನು ಪ್ಯಾಫ್ಕೋ ಹಿಂದೆ ಹೋಗಬೇಕಾಗಿಲ್ಲ. ಯಾವಾಗ ಬೇಕಾದರೂ ಕೊಳ್ಳುವವರು ಸಿಗುವ ಮ್ಯಾಂಟಲ್ ಇದ್ದಾರೆ. ಪ್ಯಾಫ್ಕೋ ಕಾರ್ಡನ್ನು ಮತ್ತೆ ಮಾರಬೇಕೆಂದರೆ 1952ರ ಸೆಟ್ ಕಟ್ಟುತ್ತಿರುವ ಇನ್ನೊಬ್ಬ ಹಟವಾದಿಯೇ ಸಿಗಬೇಕು. ಹೂಡಿಕೆ ಅಂತ ಹೊರಟರೂ ಕೊನೆಗೆ ನಿಲ್ಲುವುದು ಆ ಹಟದ ಮೇಲೆಯೇ.

ಇನ್ನು ಕೆಲವರು ವಿರಳತೆ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯ ಇದೆ. ಫ್ಲೀರ್ ಕಂಪನಿಯ 1986ರ ಸೆಟ್ಟಿನಲ್ಲಿದ್ದ ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಕಾರ್ಡನ್ನು ನೋಡಿ. ಪಿಎಸ್‌ಎ 10 ಬಂದ ಪ್ರತಿಗಳೇ ಮುನ್ನೂರಕ್ಕೂ ಹೆಚ್ಚಿವೆ. ಆದರೂ 2021ರ ಜನವರಿಯಲ್ಲಿ ಒಂದು ಪ್ರತಿ 7,38,000 ಡಾಲರ್ ಮುಟ್ಟಿತು, ಆಮೇಲೆ ಬೆಲೆ ಭಾರಿ ಇಳಿಯಿತು. ಅಲ್ಲಿ ಓಡಿದ್ದು ಹೆಸರು ಮತ್ತು ಆ ಕಾಲದ ಹುಚ್ಚು. ಗ್ರೇಡಿಂಗಿಗೆ ಬಂದ ಕಾರ್ಡುಗಳ ರಾಶಿ ತಡೆಯಲಾಗದೆ ಪಿಎಸ್‌ಎ ಅದೇ ವರ್ಷ ಮಾರ್ಚ್‌ನಲ್ಲಿ ತನ್ನ ಹೆಚ್ಚಿನ ಸೇವೆಗಳನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಜಗತ್ತಿನಲ್ಲಿ ವಿರಳವಾದ ವಸ್ತುಗಳು ಬೇಕಾದಷ್ಟಿವೆ, ಅವುಗಳಲ್ಲಿ ಹೆಚ್ಚಿನವು ಯಾರಿಗೂ ಬೇಡ. ವಿರಳವಾದದ್ದು ಬೇಕು ಅನ್ನಿಸಬೇಕಾದರೆ ಅದಕ್ಕೊಂದು ಖಾಲಿ ಜಾಗ ಇರಬೇಕು. ಪಟ್ಟಿಯ ಮೊದಲ ಸಾಲಿನಲ್ಲೇ ಅಂಥ ಖಾಲಿ ಜಾಗ ಇದ್ದರೆ, ಪುಟ ತೆರೆದಾಗಲೆಲ್ಲ ಕಣ್ಣಿಗೆ ಚುಚ್ಚುತ್ತದೆ.

ಮನಸ್ಸಿನೊಳಗೆ ನಡೆಯುವುದು

ಸಂಗ್ರಹಕಾರರಿಗೆ ದುರಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಬೇಸರ. ಇಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸೆಳೆತಗಳಿವೆ.

ಒಂದು, ಮುಗಿಸುವ ಆಸೆ. ಗುರಿ ಹತ್ತಿರವಾದಷ್ಟೂ ಓಟ ಜೋರಾಗುತ್ತದೆ. ಇದನ್ನು 1930ರ ದಶಕದಲ್ಲಿ ಮನೋವಿಜ್ಞಾನಿ ಕ್ಲಾರ್ಕ್ ಹಲ್ ಇಲಿಗಳಲ್ಲಿ ತೋರಿಸಿದರು. 2006ರಲ್ಲಿ ರಾನ್ ಕಿವೆಟ್ಜ್ ಮತ್ತು ಸಂಗಡಿಗರು ಕಾಫಿ ಅಂಗಡಿಯ ಮುದ್ರೆ ಕಾರ್ಡುಗಳಲ್ಲೂ ಅದನ್ನೇ ಕಂಡರು. ಹತ್ತು ಮುದ್ರೆಗೆ ಒಂದು ಕಾಫಿ ಉಚಿತ ಎಂದಾಗ, ಕೊನೆ ಹತ್ತಿರ ಬಂದಂತೆಲ್ಲ ಜನ ಬೇಗಬೇಗ ಅಂಗಡಿಗೆ ಬಂದರು. 400 ಕಾರ್ಡ್ ಸೇರಿಸಿದವನಿಗೆ ಉಳಿದ ಏಳರ ಮೇಲೆ ಬರುವ ಆತುರ ಮೊದಲ ಏಳರ ಮೇಲೆ ಬಂದಿರುವುದಿಲ್ಲ. ಪ್ಯಾಫ್ಕೋ ಕಾರ್ಡಿನ ನಂಬರ್ ಒಂದಾದರೂ, ಒಳ್ಳೆಯ ಪ್ರತಿ ಸೆಟ್ಟಿಗೆ ಬಂದು ಸೇರುವುದು ಹೆಚ್ಚಾಗಿ ಕೊನೆಗೇ. ಅಷ್ಟು ಹೊತ್ತಿಗೆ ಕೊಳ್ಳುವವನ ತಾಳ್ಮೆ ಮುಗಿದಿರುತ್ತದೆ.

ಎರಡು, ಹತ್ತಿರದವನ ಜೊತೆ ಹೋಲಿಕೆ. ನಮ್ಮನ್ನು ನಾವು ಅಳೆದುಕೊಳ್ಳುವುದು ನಮ್ಮಂಥವರ ಜೊತೆಯೇ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದರು. ಅದಕ್ಕಿಂತ ಚುರುಕಾದ ಮಾತು ಸ್ಟೀಫನ್ ಗಾರ್ಸಿಯಾ, ಅವಿಶಲೋಮ್ ಟೋರ್ ಮತ್ತು ರಿಚರ್ಡ್ ಗೊನ್ಸಾಲೆಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಪಟ್ಟಿಯ ನಡುವಿನಲ್ಲಿರುವವರು ಇಬ್ಬರಿಗೂ ಲಾಭ ಆಗುವ ಒಪ್ಪಂದಕ್ಕೆ ಸುಲಭವಾಗಿ ಕೈಜೋಡಿಸುತ್ತಾರೆ. ತುದಿಯ ಹತ್ತಿರ ಬಂದರೆ ಹಾಗಲ್ಲ, ಎದುರಾಳಿ ತನ್ನನ್ನು ಮೀರುತ್ತಾನೆ ಅನ್ನಿಸಿದರೆ ತನ್ನ ಲಾಭವನ್ನೇ ಬಿಡಲು ತಯಾರು. ಕಾರ್ಡ್ ಲೋಕದಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ನಡುವಿನ ಸ್ಥಾನದಲ್ಲಿರುವ ಇಬ್ಬರು ಕಾರ್ಡ್ ಬದಲಾಯಿಸಿಕೊಳ್ಳುತ್ತಾರೆ, ಎಲ್ಲಿ ಸಿಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳುತ್ತಾರೆ. ತುದಿಯಲ್ಲಿರುವ ಇಬ್ಬರು ಬಾಯಿ ಮುಚ್ಚಿಕೊಳ್ಳುತ್ತಾರೆ. ತನಗೆ ಬೇಡದ ಎರಡನೇ ಪ್ರತಿಯನ್ನೂ ಮಾರದೆ ಇಟ್ಟುಕೊಳ್ಳುವುದಕ್ಕೂ ಇದೇ ಕಾರಣ.

ಮೂರನೆಯದು ಮನ್ನಣೆ. ಇದಕ್ಕೆ ಜನ ಕೊಡಬೇಕಾದಷ್ಟು ಗೌರವ ಕೊಡುವುದಿಲ್ಲ. ವರ್ಷಗಟ್ಟಲೆ ಒಂದು ಸೆಟ್ಟಿನ ಹಿಂದೆ ಬಿದ್ದವನಿಗೆ ಮನೆಯವರಿಂದ ಸಿಗುವುದು ಹೆಚ್ಚಾಗಿ ನಿಟ್ಟುಸಿರು. ಅವನು ಎಷ್ಟು ಕಷ್ಟಪಟ್ಟು ಆ ಕಾರ್ಡ್ ಹುಡುಕಿದ ಎಂದು ಗೊತ್ತಾಗುವುದು ಅದನ್ನೇ ಹುಡುಕುತ್ತಿರುವ ಎದುರಾಳಿಗೆ ಮಾತ್ರ. ಎದುರಾಳಿಯೇ ನಿಜವಾದ ಪ್ರೇಕ್ಷಕ. ಒಬ್ಬನಿಗೆ ಪ್ಯಾಫ್ಕೋ ಸಿಕ್ಕಾಗ ಮೊದಲ ಅಭಿನಂದನೆ ಬರುವುದು ಸೋತವನಿಂದಲೇ ಇರಬಹುದು, ಅದು ಮನಸ್ಸಿನಿಂದಲೇ ಬಂದಿರಬಹುದು. ಪೈಪೋಟಿಯ ಈ ಮುಖ ನನಗೆ ಇಷ್ಟ.

ಈ ಮೂರೂ ಹರಾಜಿನ ಕೊನೆಯ ಗಳಿಗೆಯಲ್ಲಿ ಒಟ್ಟಿಗೆ ಸೇರುತ್ತವೆ. ಎದುರಾಳಿಯ ಹುಮ್ಮಸ್ಸು, ಸಮಯದ ಒತ್ತಡ, ನೋಡುತ್ತಿರುವ ಜನ, ಇವು ಸೇರಿದರೆ ಜನ ತಾವೇ ಹಾಕಿಕೊಂಡ ಮಿತಿ ದಾಟುತ್ತಾರೆ ಎಂದು ಗಿಲಿಯನ್ ಕು, ದೀಪಕ್ ಮಲ್ಹೋತ್ರಾ, ಕೀತ್ ಮರ್ನಿಘನ್ 2005ರಲ್ಲಿ ಬರೆದರು. ಅವರು ಅದನ್ನು ಪೈಪೋಟಿಯ ಕಾವು ಎಂಬ ಅರ್ಥದಲ್ಲಿ ವಿವರಿಸುತ್ತಾರೆ.

ಅಂಕವೇ ಯಜಮಾನನಾದರೆ

ಆಸೆ ಆಟಗಾರನಿಂದ ಅಂಕಕ್ಕೆ ಜಾರಿದಾಗ ಏನಾಗುತ್ತದೆ ಎಂಬುದಕ್ಕೆ ದಾಖಲೆಯಿರುವ ಉದಾಹರಣೆ ಒಂದಿದೆ. ಪಿಎಸ್‌ಎ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡ್ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಪ್ರಸಿದ್ಧ ಟಿ206, ಅಂದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸಿಗರೇಟ್ ಪೊಟ್ಟಣದ ಜೊತೆ ಬಂದ ಸೆಟ್ಟಿನ ಕಾರ್ಡ್. ಅಂಕ 8. ಅಷ್ಟು ಹಳೆಯ ಕಾರ್ಡ್ ಅಷ್ಟು ಚೂಪಾದ ಅಂಚಿನಲ್ಲಿ ಉಳಿದದ್ದೇ ಅದರ ಹೆಗ್ಗಳಿಕೆ. 2013ರಲ್ಲಿ ಹರಾಜುಗಾರ ಬಿಲ್ ಮಾಸ್ಟ್ರೋ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಾಗ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಎಂಬುದೂ ಹೊರಬಿತ್ತು. ಅಂಚು ಕತ್ತರಿಸಿದ ಕಾರ್ಡಿಗೆ ನಿಯಮದ ಪ್ರಕಾರ ಅಂಕವೇ ಸಿಗಬಾರದು.

ಇದು ಅಪರಾಧ. ಅದಕ್ಕಿಂತ ಸಣ್ಣದು, ಆದರೆ ಹೆಚ್ಚು ಜನ ಮಾಡುವುದು ಇನ್ನೊಂದಿದೆ. ಸ್ಲ್ಯಾಬ್ ಒಡೆದು ಅದೇ ಕಾರ್ಡನ್ನು ಮತ್ತೆ ಮತ್ತೆ ಗ್ರೇಡಿಂಗಿಗೆ ಕಳಿಸುವುದು. ಗ್ರೇಡ್ ಮಾಡುವವರೂ ಮನುಷ್ಯರು, ಈ ಸಲ 8 ಕೊಟ್ಟವರು ಮುಂದಿನ ಸಲ 9 ಕೊಡಬಹುದು. ಹಳೆಯ ಲೇಬಲ್ ಹಿಂತಿರುಗಿಸದಿದ್ದರೆ ಪಾಪ್ ರಿಪೋರ್ಟಿನಲ್ಲಿ ಒಂದೇ ಕಾರ್ಡ್ ಎರಡಾಗಿ ಕಾಣುತ್ತದೆ. 2008ರಲ್ಲಿ ಪಿಎಸ್‌ಎ ಅರ್ಧ ಅಂಕಗಳನ್ನು ತಂದ ಮೇಲೆ ಈ ಆಸೆಗೆ ಇನ್ನೊಂದಿಷ್ಟು ಮೆಟ್ಟಿಲು ಸಿಕ್ಕಿತು. ಕೈಯಲ್ಲಿರುವ ಕಾರ್ಡ್ ಕಿಂಚಿತ್ತೂ ಬದಲಾಗಿರುವುದಿಲ್ಲ, ಅದರ ಮಾಲೀಕನ ನೆಮ್ಮದಿ ಮಾತ್ರ ಹೋಗಿರುತ್ತದೆ.

1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪುಟ್ಟ ಮಕ್ಕಳ ಮೇಲೆ ಮಾಡಿದ ಪ್ರಯೋಗವನ್ನು ನಾನು ಇಲ್ಲಿ ನೆನೆಯುತ್ತೇನೆ. ಬಣ್ಣದ ಪೆನ್ನಿನಲ್ಲಿ ಚಿತ್ರ ಬರೆಯುವುದು ಆ ಮಕ್ಕಳಿಗೆ ಮೊದಲೇ ಇಷ್ಟವಿತ್ತು. ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಬರೆಸಿದ ಮಕ್ಕಳು, ಆಮೇಲೆ ಬಿಡುವಿನಲ್ಲಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ಮೊದಲೇ ಹೇಳದೆ ಕೊಟ್ಟ ಪ್ರಶಸ್ತಿಯಿಂದ ಹಾಗಾಗಲಿಲ್ಲ. ಮಕ್ಕಳ ಪ್ರಯೋಗವನ್ನು ಹಾಗೇ ತಂದು ದೊಡ್ಡವರಿಗೆ ಅಂಟಿಸಬಾರದು, ನಿಜ. ಆದರೂ ಹಿಂದೆ ಕಾರ್ಡಿನ ಹಿಂಬದಿಯ ಅಂಕಿಅಂಶ ಓದಿ ಖುಷಿಪಡುತ್ತಿದ್ದವನು ಈಗ ಲೇಬಲ್ ಮೇಲಿನ ಅಂಕ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದಾದರೆ, ಅದು ಇದೇ ಬದಲಾವಣೆ ಎಂದು ನನ್ನ ಅನಿಸಿಕೆ.

ಹಾಗೆಂದು ಪಟ್ಟಿಯನ್ನು ದೂರುವುದು ಸರಿಯಲ್ಲ. ಅದು ಇಲ್ಲದಿದ್ದರೆ ಎಷ್ಟೋ ಸಾಮಾನ್ಯ ಆಟಗಾರರ ಕಾರ್ಡುಗಳನ್ನು ಯಾರೂ ಜೋಪಾನ ಮಾಡುತ್ತಿರಲಿಲ್ಲ. ಪ್ಯಾಫ್ಕೋ ತೀರಿಕೊಂಡದ್ದು 2013ರಲ್ಲಿ. ಅವರ ಹೆಸರು ಇವತ್ತಿಗೂ ಜನರ ಬಾಯಲ್ಲಿ ಇರುವುದಕ್ಕೆ ಥಾಮ್ಸನ್ ಹೋಮ್ ರನ್ ಎಷ್ಟು ಕಾರಣವೋ ಈ ಒಂದನೇ ನಂಬರ್ ಕೂಡ ಅಷ್ಟೇ ಕಾರಣ. ಪಟ್ಟಿಯಲ್ಲಿ ಇದ್ದೂ ನೆಮ್ಮದಿಯಿಂದ ಇರುವವರು ಬೇಕಾದಷ್ಟಿದ್ದಾರೆ. ತನ್ನ ಮಿತಿ ಗ್ರೇಡ್ 5 ಎಂದು ತಾನೇ ಗೆರೆ ಎಳೆದುಕೊಂಡು, ಮೂಲೆ ದುಂಡಾದರೂ ಚಿತ್ರ ನಡುವಿಗೆ ಕೂತ ಕಾರ್ಡುಗಳನ್ನೇ ಆರಿಸಿಕೊಂಡು 407ನ್ನೂ ಸೇರಿಸುವವನಿಗೆ ಪ್ಯಾಫ್ಕೋ ಒಂದು ಕಾರ್ಡ್ ಅಷ್ಟೇ. ಅವನೂ ಪಟ್ಟಿ ನೋಡುತ್ತಾನೆ, ಏರಿದರೆ ಖುಷಿಪಡುತ್ತಾನೆ. ಯಾವ ಕಾರ್ಡ್ ಕೊಳ್ಳಬೇಕು ಎಂದು ಪಟ್ಟಿಯನ್ನು ಕೇಳುವುದಿಲ್ಲ.

ತುದಿಯಲ್ಲಿದ್ದ ಸೆಟ್ ಮಾರಾಟಕ್ಕೆ ಬಂದಾಗ ಏನಾಗುತ್ತದೆ ಎಂಬುದನ್ನೂ ಈ ಪ್ರಕರಣಕ್ಕೆ ಸೇರಿಸಬೇಕು. ವರ್ಷಗಟ್ಟಲೆ ಜೋಡಿಸಿದ ಅಂಥ ಸೆಟ್ಟನ್ನು ಹರಾಜು ಸಂಸ್ಥೆಗಳು ಹೆಚ್ಚಾಗಿ ಇಡಿಯಾಗಿ ಮಾರುವುದಿಲ್ಲ. ಬಿಡಿಬಿಡಿಯಾಗಿ ಮಾರಿದರೆ ಒಟ್ಟು ಹಣ ಜಾಸ್ತಿ ಬರುತ್ತದೆ. ಎರಡನೇ ಸ್ಥಾನದವನಿಗೆ ಅದರಲ್ಲಿ ಬೇಕಾಗಿರುವುದು ಹತ್ತೋ ಹದಿನೈದೋ ಕಾರ್ಡ್, ಮೂರನೆಯವನಿಗೆ ಇನ್ನೊಂದಿಷ್ಟು. ಮಾರಿದವನ ಸೆಟ್ ರಿಜಿಸ್ಟ್ರಿಯ ಸಾರ್ವಕಾಲಿಕ ಪಟ್ಟಿಯಲ್ಲಿ ನಿವೃತ್ತ ಸೆಟ್ ಎಂಬ ಗುರುತಿನೊಂದಿಗೆ ಉಳಿಯುತ್ತದೆ. ಅವನ ಕಾರ್ಡುಗಳು ಎದುರಾಳಿಗಳ ಸೆಟ್ಟುಗಳಿಗೆ ಹಂಚಿಹೋಗಿ ಚಾಲ್ತಿ ಪಟ್ಟಿಯ ಸ್ಥಾನಗಳನ್ನು ಬದಲಿಸುತ್ತವೆ. ಅವುಗಳಲ್ಲಿ ಒಳ್ಳೆಯ ಪ್ಯಾಫ್ಕೋ ಒಂದಿದ್ದರೆ, ಅದರ ಮೇಲೆ ಕೊನೆಯವರೆಗೂ ಕೂಗುವ ಇಬ್ಬರು ಯಾರೆಂದು ಅಲ್ಲಿರುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ.